ವಡಪಳನಿಗೆ ಬಂದ ಕಡಲ ತಾವರೆ

ಥರ್ಮೋಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ಕೂಡಲೇ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಅದರ ತಳ ಬೆಚ್ಚಗಿತ್ತು. ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುವುದೇ ಆ ಪೆಟ್ಟಿಗೆಯ ಕೆಲಸ. ಅದು ನನ್ನ ತೊಡೆಗೆ ತಾಗುವಷ್ಟು ಬೆಚ್ಚಗಾಗಬೇಕಾದರೆ ಬಹಳ ಹೊತ್ತು ಬಿಸಿಯ ಮೇಲೆ ಕೂತಿರಬೇಕು.

ಕೊಚ್ಚಿಯಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ತಂಪಿನಲ್ಲೇ ಚೆನ್ನೈ ಮುಟ್ಟಬೇಕಿತ್ತು. ವಿಳುಪ್ಪುರಂ ಹತ್ತಿರ ಕೆಟ್ಟು ನಿಂತಿತು. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿ ಕಳಿಸಿದರು, ಪಾರ್ಸೆಲ್‌ಗಳು ಮಾತ್ರ ಡಿಕ್ಕಿಯಲ್ಲೇ ಉಳಿದವು. ಅಗ್ನಿ ನಕ್ಷತ್ರದ ದಿನಗಳು, ತಮಿಳುನಾಡಿನ ಬೇಸಿಗೆಯಲ್ಲೇ ಅತಿ ಕಡು ಬಿಸಿಲಿನವು. ಎಗ್ಮೋರಿನ ಪಾರ್ಸೆಲ್ ಆಫೀಸಿನಲ್ಲಿ ಪೆಟ್ಟಿಗೆ ನನ್ನ ಕೈಗೆ ಬಂದಾಗ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಏಸಿ ಇದ್ದ ಕಾರನ್ನೇ ಹುಡುಕಿ ಹತ್ತಿದೆ. ವಡಪಳನಿ ತಲುಪುವವರೆಗೂ ಮುಚ್ಚಳ ತೆಗೆದು ನೋಡುವ ಧೈರ್ಯವಾಗಲಿಲ್ಲ.

ಪೆಟ್ಟಿಗೆಯೊಳಗೆ ಇದ್ದದ್ದು ಒಂದು ಕಡಲ ತಾವರೆ. ತಮಿಳಿನವರು ಅದನ್ನು ಹಾಗೆ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲದ ಕಾರಣ ನಾನೂ ಹಾಗೇ ಕರೆಯುತ್ತೇನೆ. ನೋಡಿದರೆ ಹೂವು, ಆದರೆ ಪ್ರಾಣಿ. ತಳದಲ್ಲಿ ಬಂಡೆಗೆ ಅಂಟಿಕೊಳ್ಳುವ ಒಂದು ಪಾದ, ಮೇಲೆ ನಡುವಿನಲ್ಲಿ ಬಾಯಿ, ಅದರ ಸುತ್ತ ಬೆರಳುಗಳ ಹಾಗೆ ಅಲ್ಲಾಡುವ ಎಳೆಗಳು. ಕಣ್ಣಿಲ್ಲ, ಉಸಿರಾಡುವುದು ಕಾಣುವುದಿಲ್ಲ, ನೋವಾದರೆ ಕೂಗುವುದಿಲ್ಲ. ಸಮುದ್ರದ ನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮೀನಾದರೆ ಅದರ ಮುಖ ನೋಡಿ ಏನಾಗಿದೆ ಎಂದು ಊಹಿಸಬಲ್ಲೆ. ಇದರ ವಿಷಯದಲ್ಲಿ ನನಗೆ ಆ ಸೌಲಭ್ಯ ಇರಲಿಲ್ಲ.

ಇದು ಬಂದದ್ದು ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿಗೆ. ಕುಂದಾಪುರ ಕಡೆಯ ಗಂಡ ಹೆಂಡತಿ ನಡೆಸುವ ಹೋಟೆಲು. ಅದರ ಏಸಿ ಹಾಲಿನ ಗೋಡೆಗೆ ಸೇರಿದಂತೆ ಯಜಮಾನರು ಆಸೆಪಟ್ಟು ಕಟ್ಟಿಸಿದ ದೊಡ್ಡ ತೊಟ್ಟಿ. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ ಮೀನು. ಕಡಲ ತಾವರೆಯ ಎಳೆಗಳ ನಡುವೆ ಮನೆ ಮಾಡಿಕೊಳ್ಳುವ ಜಾತಿ ಅದು. ಇವಕ್ಕೆ ಆ ಮನೆಯೇ ಇರಲಿಲ್ಲ, ನೀರು ಬರುವ ಪೈಪಿನ ಮೂಲೆಯಲ್ಲೇ ಒರಗಿಕೊಂಡು ಮಲಗುತ್ತಿದ್ದವು. ಕೊಚ್ಚಿಯಲ್ಲಿ ತೊಟ್ಟಿಯಲ್ಲೇ ತಾವರೆ ಬೆಳೆಸುವ ಗೆಳೆಯರೊಬ್ಬರು ಒಂದನ್ನು ಕಳಿಸುತ್ತೇನೆಂದು ಯಜಮಾನರಿಗೆ ಮಾತು ಕೊಟ್ಟಿದ್ದರು. ಆದರೆ ಅದು ಬರುವ ಮೊದಲೇ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು.

ಬಲಗೈ ಸ್ವಲ್ಪ ಸ್ವಲ್ಪ ಸುಧಾರಿಸಿತು. ಮಾತು ಸುಧಾರಿಸಲಿಲ್ಲ. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಹೇಳಬೇಕೆಂದು ಹೊರಟ ಶಬ್ದ ಮಾತ್ರ ದಾರಿಯಲ್ಲಿ ಬದಲಾಗಿಬಿಡುತ್ತಿತ್ತು. ಕಾಫಿ ಬೇಕಾದರೆ ಛತ್ರಿ ಎನ್ನುತ್ತಿದ್ದರು. ಛತ್ರಿ ತಂದು ಕೊಟ್ಟರೆ ಸಿಟ್ಟು. ಹೀಗಾಗಿ ಮಾತಾಡುವುದನ್ನೇ ಬಿಟ್ಟು, ಹೋಟೆಲಿನ ಮೇಲಿನ ಮಹಡಿಯ ಮನೆಯಲ್ಲಿ ಕಿಟಕಿಯ ಪಕ್ಕ ಕೂತಿರುತ್ತಿದ್ದರು. ಹೋಟೆಲು ಈಗ ಅವರ ಹೆಂಡತಿಯ ಕೈಯಲ್ಲಿತ್ತು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು.

"ಎಂತಾ ಮಾರಾಯ್ತಿ ಇಷ್ಟ್ ಹೊತ್ತ್? ಅವ್ರ್ ಕೆಳ್ಗ್ ಇಳ್ದದ್ದೇ ಎಷ್ಟ್ ತಿಂಗ್ಳಾಯ್ತ್ ಗೊತ್ತಿತ್ತಾ? ಇವತ್ತ್ ಇದ್ ಬತ್ತ್ ಅಂದದ್ದಕ್ಕೆ ಅಂಗಿ ಬದ್ಲ್ ಮಾಡ್ಕಂಡ್ ಬಂದ್ ಕೂತಿದ್ರ್."

ಹೌದು, ಏಸಿ ಹಾಲಿನಲ್ಲಿ ತೊಟ್ಟಿಯ ಎದುರಿನ ಮೇಜಿನಲ್ಲಿ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ನಾನು ಅವರತ್ತ ನೋಡಿ ನಕ್ಕೆ. ಪೆಟ್ಟಿಗೆಯನ್ನು ಅವರಿಗೆ ತೋರಿಸದೆ ನೇರ ಮೇಲಿನ ಮಹಡಿಗೆ, ಮನೆಯ ಪಕ್ಕದಲ್ಲಿ ಹಳೆಯ ಪಾತ್ರೆಗಳನ್ನಿಡುವ ಕೋಣೆಗೆ ಹೊತ್ತೆ. ಹೊಸದಾಗಿ ಬಂದ ಪ್ರಾಣಿಯನ್ನು ಬೇರೆ ಇಡಲು ಅಲ್ಲೊಂದು ಪ್ಲಾಸ್ಟಿಕ್ ಟಬ್ ಸಿದ್ಧ ಮಾಡಿಟ್ಟಿದ್ದೆ.

ಮುಚ್ಚಳ ತೆಗೆದೆ. ತಂಪಿಗೆಂದು ಇಟ್ಟಿದ್ದ ಜೆಲ್ ಪ್ಯಾಕೆಟ್‌ಗಳು ಗಂಜಿಯ ಹಾಗೆ ಮೆತ್ತಗಾಗಿದ್ದವು. ಪ್ಲಾಸ್ಟಿಕ್ ಚೀಲದ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಚೀಲಕ್ಕೆ ಥರ್ಮಾಮೀಟರ್ ಒತ್ತಿ ಹಿಡಿದೆ: ಮೂವತ್ತೈದಕ್ಕೆ ಹತ್ತಿರ. ಕೆಳಗಿನ ತೊಟ್ಟಿಯದು ಇಪ್ಪತ್ತಾರು. ನೀರಿನಲ್ಲಿ ತಾವರೆ ಅಂಗಾತ ಬಿದ್ದಿತ್ತು. ಎಳೆಗಳು ಸುಕ್ಕಾಗಿ ದಾರದ ತುಂಡುಗಳ ಹಾಗಿದ್ದವು. ಬಾಯಿ ತೆರೆದು ಒಳಗಿನ ಪದರ ಹೊರಗೆ ಉಬ್ಬಿಕೊಂಡಿತ್ತು. ಅದರಿಂದ ಕಂದು ಬಣ್ಣದ ಲೋಳೆ ಎಳೆ ಎಳೆಯಾಗಿ ಬರುತ್ತಿತ್ತು.

ಆ ಕಂದು ಲೋಳೆ ಏನೆಂದು ಗೊತ್ತಿತ್ತು. ಇದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಬಣ್ಣವೂ ಅದರದ್ದೇ, ಅರ್ಧಕ್ಕಿಂತ ಹೆಚ್ಚು ಆಹಾರವೂ ಅದು ಬೆಳಕಿನಲ್ಲಿ ತಯಾರಿಸಿ ಕೊಡುವುದೇ. ಬಿಸಿ ಮಿತಿ ಮೀರಿದರೆ ತಾವರೆ ತನ್ನೊಳಗಿನ ಆ ಪಾಚಿಯನ್ನೇ ಹೊರಗೆ ಕಕ್ಕುತ್ತದೆ. ಆಮೇಲೆ ಬೆಳ್ಳಗಾಗುತ್ತದೆ. ಬೆಳ್ಳಗಾದರೆ ಸತ್ತಿತೆಂದಲ್ಲ, ಉಪವಾಸ ಶುರುವಾಯಿತೆಂದು. ಇಷ್ಟು ತಿಳಿದಿತ್ತು. ಮುಂದೆ ಏನು ಮಾಡಬೇಕು ಎಂಬುದು ತಿಳಿಯಲಿಲ್ಲ.

ಯಾಕೆಂದರೆ ನನಗೆ ಗೊತ್ತಿದ್ದ ಎರಡು ನಿಯಮಗಳು ಒಂದಕ್ಕೊಂದು ಎದುರಾಗಿ ನಿಂತವು. ಒಂದು: ಬಿಸಿಯಿಂದ ತಂಪಿಗೆ ನಿಧಾನವಾಗಿ ತರಬೇಕು, ಒಮ್ಮೆಗೇ ತಂದರೆ ಆ ಹೊಡೆತಕ್ಕೇ ಸಾಯಬಹುದು. ಹಾಗಾಗಿ ಚೀಲದ ನೀರಿಗೆ ಹನಿ ಹನಿಯಾಗಿ ತೊಟ್ಟಿಯ ನೀರು ಸೇರಿಸುತ್ತ ಹೋಗುವುದು ವಾಡಿಕೆ. ಇನ್ನೊಂದು: ಬಹಳ ಹೊತ್ತು ಪ್ರಯಾಣ ಮಾಡಿದ ಚೀಲವನ್ನು ತೆರೆದ ಮೇಲೆ ಆ ನೀರಿನಲ್ಲಿ ಪ್ರಾಣಿಯನ್ನು ಇಡಲೇಬಾರದು. ಮುಚ್ಚಿದ ಚೀಲದಲ್ಲಿ ಅದರದ್ದೇ ಉಸಿರಿನಿಂದ ನೀರು ಹುಳಿಯಾಗಿರುತ್ತದೆ. ಅದರ ಹೊಲಸಿನಿಂದ ಹುಟ್ಟಿದ ಅಮೋನಿಯಾ ಆ ಹುಳಿಯಲ್ಲಿ ಮಲಗಿರುತ್ತದೆ. ಚೀಲ ತೆರೆದರೆ ಗಾಳಿ ತಾಗಿ ಹುಳಿ ಇಳಿಯುತ್ತದೆ, ಮಲಗಿದ್ದ ವಿಷ ಎದ್ದು ಕೂರುತ್ತದೆ. ನಿಧಾನ ಮಾಡಿದರೆ ವಿಷ, ಅವಸರ ಮಾಡಿದರೆ ಹೊಡೆತ.

ಕೈಯಲ್ಲಿ ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದೆ. ಚೀಲ ಕತ್ತರಿಸಲೋ ಬೇಡವೋ. ಹಳೆಯ ಇಡ್ಲಿ ಪಾತ್ರೆಗಳ ಮೇಲೆ ಕಣ್ಣು ಹೋಯಿತು, ಹಬೆಯ ನೆನಪಾಯಿತು. ಚೀಲದ ನೀರನ್ನು ತಣ್ಣಗೆ ಮಾಡಬೇಕೆಂದು ಯಾಕೆ ಒದ್ದಾಡುತ್ತಿದ್ದೇನೆ? ಶುದ್ಧ ನೀರನ್ನೇ ಚೀಲದಷ್ಟು ಬಿಸಿ ಮಾಡಿದರಾಯಿತಲ್ಲ. ಮೊದಲು ವಿಷದಿಂದ ಬಿಡಿಸುವುದು, ಆಮೇಲೆ ಶುದ್ಧ ನೀರಿನಲ್ಲಿ ಇಟ್ಟುಕೊಂಡೇ ನಿಧಾನವಾಗಿ ತಂಪು ಮಾಡುವುದು.

ಟಬ್ಬಿನ ನೀರಿಗೆ ಎರಡು ಹೀಟರ್ ಇಳಿಬಿಟ್ಟು, ಅಕ್ಕನನ್ನು ಕರೆದು ಒಂದು ಪಾತ್ರೆ ತುಂಬ ಕುದಿಯುವ ನೀರು ಕೇಳಿದೆ. ಉಪ್ಪುನೀರಿನ ಡಬ್ಬಗಳನ್ನು ಅದರಲ್ಲಿಟ್ಟು ಬೆಚ್ಚಗೆ ಮಾಡುವುದಿತ್ತು.

"ಬಿಸ್ಲಂಗೆ ಬೆಂದ್ ಬಂದದ್ದಕ್ಕೆ ಮತ್ತೆ ಬಿಸಿನೀರಾ?" ಅಕ್ಕ ನನ್ನ ಮುಖ ನೋಡಿದರು. "ನಿಂಗೆ ಎಂತಾ ಆಯ್ತ್ ಮಾರಾಯ್ತಿ?"

"ನನಗೂ ಸರಿಯಾಗಿ ಗೊತ್ತಿಲ್ಲ ಅಕ್ಕಾ. ಕೊಡಿ, ಆಮೇಲೆ ಹೇಳ್ತೀನಿ."

ಕೊಟ್ಟರು. ನೀರು ಚೀಲದ ಬಿಸಿಗೆ ಬಂದದ್ದನ್ನು ನೋಡಿ, ಉಪ್ಪಿನಂಶ ಹೊಂದಿಸಿ, ಚೀಲ ಕತ್ತರಿಸಿ, ತಾವರೆಯನ್ನು ಬೊಗಸೆಯಲ್ಲಿ ಎತ್ತಿ ಟಬ್ಬಿಗೆ ಇಳಿಸಿದೆ. ಕೈಯಲ್ಲಿ ಅದು ನೆನೆದ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಆಮೇಲೆ ಹೀಟರಿನ ತಿರುಪನ್ನು ಕೂದಲೆಳೆಯಷ್ಟು ಇಳಿಸುವುದು, ಕಾಯುವುದು, ಮತ್ತೆ ಇಳಿಸುವುದು. ನೀರಿನ ಮೇಲೆ ಟೇಬಲ್ ಫ್ಯಾನಿನ ಗಾಳಿ. ಗಾಳಿಗೆ ನೀರು ಆರಿದಷ್ಟೂ ಉಪ್ಪು ಏರುತ್ತದೆ, ಅದಕ್ಕೆ ಸರಿಯಾಗಿ ಉಪ್ಪಿಲ್ಲದ ಶುದ್ಧ ನೀರು ಲೋಟದಲ್ಲಿ ಸೇರಿಸುವುದು.

ನಡುವೆ ಕರೆಂಟು ಹೋಯಿತು. ಹೋಟೆಲಿನ ಇನ್ವರ್ಟರ್ ಬಿಲ್ಲಿಂಗ್ ಯಂತ್ರಕ್ಕೂ ಏಸಿ ಹಾಲಿನ ದೀಪಕ್ಕೂ ಮಾತ್ರ. ಫ್ಯಾನು ನಿಂತಿತು, ಗಾಳಿಯ ಗುಳ್ಳೆ ನಿಂತಿತು. ಆ ಕೋಣೆ ನಿಮಿಷದಲ್ಲಿ ಒಲೆಯಾಯಿತು. ಇಳಿಯುತ್ತಿದ್ದ ಉಷ್ಣತೆ ಮತ್ತೆ ಮೇಲೇರಲು ಶುರುವಾಯಿತು. ನಾನು ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಅದೇ ಟಬ್ಬಿಗೆ ಸುರಿಯುತ್ತ ಕೂತೆ, ನೀರಿಗೆ ಗಾಳಿ ಬೆರೆಯಲಿ ಎಂದು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೀಸಣಿಗೆ ಹಿಡಿದು ನೀರಿಗೆ ಗಾಳಿ ಬೀಸಿದರು.

"ನೋಡ್, ಒಂದ್ ಮಾತ್," ಎಂದರು ಬೀಸುತ್ತಲೇ. "ಇದ್ ಸತ್ತ್ರೆ ಅವ್ರಿಗೆ ಹೇಳೂದ್ ಬ್ಯಾಡ. ಬಸ್ಸಂಗೆ ಬರ್ಲೇ ಇಲ್ಲ ಅಂತ್ ಹೇಳ್ವ."

ಕರೆಂಟು ಬಂತು. ಸಂಜೆಯ ಟಿಫಿನ್ ಹೊತ್ತಿಗೆ ನೀರು ಇಪ್ಪತ್ತೇಳಕ್ಕೆ ಇಳಿದಿತ್ತು. ತಾವರೆಯ ಬಾಯಿ ಸ್ವಲ್ಪ ಮುಚ್ಚಿದಂತೆ ಕಂಡಿತು. ನಿಜವಾಗಿಯೂ ಮುಚ್ಚಿತ್ತೋ, ಮುಚ್ಚಲಿ ಎಂಬ ನನ್ನ ಆಸೆಯೋ. ನೀರು ಆಡುತ್ತಿರಲೆಂದು ಒಂದು ಸಣ್ಣ ಪಂಪು ಹಚ್ಚಿ, ದೀಪ ಆರಿಸಿ, ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ನಾನಿನ್ನೂ ದಾರಿಯಲ್ಲಿದ್ದಾಗ ಅಕ್ಕನ ಫೋನ್ ಬಂತು. ಇಬ್ಬರ ಸುತ್ತಲೂ ಗದ್ದಲ.

"ನೀರೆಲ್ಲ ಬೆಳ್ಳಗೆ ಆಯ್ತ್. ವಾಸ್ನೆ ಬತ್ತಾ ಇತ್ತ್."

"ಅದು ಹೇಗಿದೆ ಅಕ್ಕಾ?"

"ಜೀವ ಇತ್ತ್ ಅಂತ್ ಕಾಂತ್," ಎಂದು ಫೋನ್ ಇಟ್ಟರು.

ನಾನು ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ ಆದರೂ ಮನೆಯ ಮಾತು ಮೈಸೂರು ಕಡೆಯದು. ನಮ್ಮಲ್ಲಿ ಇತ್ತು ಎಂದರೆ ಹಿಂದೆ ಇತ್ತು, ಈಗ ಇಲ್ಲ. ಕುಂದಾಪುರದವರಿಗೆ ಇತ್ತು ಎಂದರೆ ಈಗ ಇದೆ. ಅಕ್ಕನ ಜೊತೆ ಎಷ್ಟೋ ವರ್ಷ ಮಾತಾಡಿ ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಬೆಳಿಗ್ಗೆ ಆಟೋದಲ್ಲಿ ಕೂತು, ಅಕ್ಕ ಹೇಳಿದ್ದು ಅವರ ಇತ್ತೋ ನನ್ನ ಇತ್ತೋ ಎಂದು ಯೋಚಿಸುತ್ತ, ಇಳಿಯಬೇಕಾದ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟೆ.

ಕೋಣೆಗೆ ಕಾಲಿಟ್ಟಾಗ ನೋಡಿದ್ದು ಇಷ್ಟು: ತಾವರೆ ಎಲ್ಲಿಯೂ ಅಂಟಿಕೊಳ್ಳದೆ ತೇಲಿ ಹೋಗಿ ಪಂಪಿನ ಜಾಲರಿಗೆ ಸಿಕ್ಕಿಕೊಂಡಿತ್ತು. ಕೆಲವು ಎಳೆಗಳು ಒಳಗೆ ಎಳೆದುಕೊಂಡು ಹರಿದಿದ್ದವು. ನೀರು ಅಕ್ಕಿ ತೊಳೆದ ಹಾಗೆ. ವಾಸನೆ ನಿಜಕ್ಕೂ ಇತ್ತು. ಪಂಪು ಆರಿಸಿ ಬಿಡಿಸಿಕೊಂಡಾಗ ನಿನ್ನೆ ಅಂಗೈ ತುಂಬ ಇದ್ದದ್ದು ನಿಂಬೆಹಣ್ಣಿನಷ್ಟಾಗಿತ್ತು. ಬಣ್ಣ ಪೂರ್ತಿ ಹೋಗಿ, ಬಲ್ಬಿನ ಬೆಳಕು ಅದರ ಮೈಯನ್ನು ದಾಟಿ ಹೋಗುತ್ತಿತ್ತು.

ಸತ್ತ ತಾವರೆಯ ವಾಸನೆ ಒಮ್ಮೆ ಮೂಗಿಗೆ ಹೋದರೆ ಮರೆಯುವುದಿಲ್ಲ ಎಂದು ಈ ಕೆಲಸದಲ್ಲಿರುವ ಎಲ್ಲರೂ ಹೇಳುತ್ತಾರೆ. ಈ ವಾಸನೆ ಅದೇ ಹೌದೋ, ಹರಿದ ಎಳೆಗಳು ಮಾತ್ರ ಕೊಳೆತ ವಾಸನೆಯೋ ನನಗೆ ತಿಳಿಯಲಿಲ್ಲ. ಕೊಳತ್ತೂರಿನಲ್ಲಿ ಸಮುದ್ರದ ಮೀನು ಮಾರುವ ಪರಿಚಯದ ಅಂಗಡಿಯವರಿಗೆ ಫೋಟೋ ಕಳಿಸಿದೆ. ತಕ್ಷಣ ಅವರೇ ಫೋನ್ ಮಾಡಿದರು.

"ಮೇಡಂ, ಅದು ಪೋಚ್ಚು. ತೂಕ್ಕಿ ಪೋಡುಂಗ," ಎಂದರು. ಹೋಯಿತು, ಎತ್ತಿ ಬಿಸಾಡಿ. ತಪ್ಪಿಯೂ ದೊಡ್ಡ ತೊಟ್ಟಿಗೆ ಹಾಕಬೇಡಿ, ಕೊಳೆಯಲು ಶುರುವಾದರೆ ಒಳಗಿರುವ ಮೀನೂ ಉಳಿಯುವುದಿಲ್ಲ ಎಂದು ಎರಡೆರಡು ಸಲ ಹೇಳಿದರು. ಅವರು ಸುಮ್ಮನೆ ಹೇಳುವವರಲ್ಲ.

ಕೊಚ್ಚಿಯ ಗೆಳೆಯರನ್ನು ಕೇಳಿದೆ. ಅವರು ಅದೇ ಫೋಟೋ ನೋಡಿ, ಬಾಯಿ ಉಬ್ಬಿರುವುದು ಕಡಿಮೆಯಾಗಿದೆ, ಕಾಯಿರಿ ಎಂದರು. ಎಳೆಯನ್ನು ಬರಿಬೆರಳಿನಿಂದ ಮುಟ್ಟಿ ನೋಡಿ, ಜೀವ ಇದ್ದರೆ ಅಂಟು ಟೇಪಿನ ಹಾಗೆ ಹಿಡಿಯುತ್ತದೆ, ಸತ್ತಿದ್ದರೆ ಬರೀ ಲೋಳೆ ಎಂದರು. ಅದು ಚುಚ್ಚುವ ಪ್ರಾಣಿ, ಆದರೆ ಈ ಜಾತಿಯ ಚುಚ್ಚು ಬೆರಳಿನ ದಪ್ಪ ಚರ್ಮಕ್ಕೆ ನಾಟುವಂಥದ್ದಲ್ಲ.

ಕೈಗವಸು ತೆಗೆದು ಮುಟ್ಟಿದೆ. ಅಂಟಿದಂತಾಯಿತು. ಮತ್ತೆ ಮುಟ್ಟಿದೆ. ಬರೀ ಲೋಳೆ. ಮೂರನೆಯ ಸಲ ಏನೂ ಹೇಳಲಾಗಲಿಲ್ಲ. ಅಕ್ಕನನ್ನು ಕರೆದೆ. ಅವರು ದೇವರನ್ನು ನೆನೆಸಿಕೊಂಡು ತುದಿಬೆರಳು ಇಳಿಸಿ, "ಎಂತ ಇಲ್ಲೆ. ಗಂಜಿ ಮುಟ್ಟಿದಂಗೆ," ಎಂದರು.

ಹಿಂದೆ ಸಪ್ಪಳವಾಯಿತು. ಯಜಮಾನರು ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಕೋಣೆಯಲ್ಲಿ ನಡೆಯುವ ಇಷ್ಟು ಗಲಾಟೆ ಅವರಿಗೆ ಕೇಳಿಸದೆ ಇರುತ್ತದೆಂದು ನಾವಿಬ್ಬರೂ ಹೇಗೆ ಅಂದುಕೊಂಡಿದ್ದೆವೋ. ಅಕ್ಕ ಗಾಬರಿಯಿಂದ ಟಬ್ಬಿಗೆ ಅಡ್ಡ ನಿಂತರು. ಅವರು ಅಕ್ಕನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅಂಗಿಯ ತೋಳು ಮಡಿಸದೆ ಎಡಗೈಯನ್ನು ನೀರಿಗೆ ಹಾಕಿದರು. ಬೆರಳನ್ನು ಎಳೆಗಳ ನಡುವೆ ಇಟ್ಟು ಅಲ್ಲಾಡಿಸದೆ ಹಾಗೇ ನಿಂತರು. ನಾನು ಅಷ್ಟು ಹೊತ್ತು ಇಟ್ಟಿರಲಿಲ್ಲ, ಮುಟ್ಟಿ ಮುಟ್ಟಿ ತೆಗೆಯುತ್ತಿದ್ದೆ. ತೋಳು ಮೊಣಕೈವರೆಗೆ ನೆನೆಯಿತು. ಆಮೇಲೆ ನನ್ನತ್ತ ತಿರುಗಿ ಸ್ಪಷ್ಟವಾಗಿ ಹೇಳಿದರು:

"ಬೀಗ."

"ಬೀಗವಾ?" ಅಕ್ಕ ಕೇಳಿದರು. "ಎಂತ ಬೀಗ? ಸ್ಟೋರಿಂದಾ? ಬೀಗದ ಕೈ ಬೇಕಾ?"

ಅವರು ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ನನಗೆ ಗೊತ್ತಾಗಲಿಲ್ಲ. ಅಕ್ಕ ಕೆಳಗೆ ಓಡಿಹೋಗಿ ಬೀಗದ ಕೈಗಳ ಇಡೀ ಗೊಂಚಲನ್ನೇ ತಂದರು. ಅವರು ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಈಗಲೂ ನನಗೆ ಈ ವಿಷಯದಲ್ಲಿ ಖಚಿತವಿಲ್ಲ. ಬೀಗದ ಕೈ ಬೇಕೆಂದೇ ಕೇಳಿದ್ದಿರಬಹುದು. ಆದರೆ ಆ ಕ್ಷಣದಲ್ಲಿ ನಾನು ನೋಡುತ್ತಿದ್ದದ್ದು ಅವರ ಬೆರಳನ್ನು. ಅದನ್ನು ನೀರಿನಿಂದ ತೆಗೆಯುವಾಗ ಒಂದು ಎಳೆ ಅದರ ಜೊತೆ ಸ್ವಲ್ಪ ದೂರ ಎಳೆದುಕೊಂಡು ಬಂದು, ಆಮೇಲೆ ಬಿಟ್ಟಿತು. ಹಾಗೆ ಕಂಡಿತು. ಬೀಗ ಎಂದರೆ ಹಿಡಿಯಿತು ಎಂದು ನಾನು ಅರ್ಥ ಮಾಡಿಕೊಂಡೆ.

ಬಿಸಾಡುವುದಿಲ್ಲ ಎಂದು ನಿರ್ಧರಿಸಿದ್ದು ಅಷ್ಟರ ಮೇಲೆ. ಕೊಳತ್ತೂರಿನವರ ಮಾತಿಗೆ ಅನುಭವದ ಬಲವಿತ್ತು, ನನ್ನ ನಿರ್ಧಾರಕ್ಕೆ ಇದ್ದದ್ದು ಒಂದು ಶಬ್ದ, ಅದೂ ಅರ್ಥ ಖಚಿತವಿಲ್ಲದ್ದು.

ಒಮ್ಮೆ ನಿರ್ಧಾರವಾದ ಮೇಲೆ ಕೈಗೆ ಕೆಲಸ ಸಿಕ್ಕಿತು. ಹರಿದು ಕೊಳೆಯುತ್ತಿದ್ದ ತುದಿಗಳನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ ತೆಗೆದೆ. ಟಬ್ಬಿನ ನೀರೆಲ್ಲ ಚೆಲ್ಲಿ, ಕೆಳಗಿನ ತೊಟ್ಟಿಯ ಪಳಗಿದ ನೀರನ್ನೇ ಕ್ಯಾನಿನಲ್ಲಿ ಹೊತ್ತು ತಂದು ತುಂಬಿದೆ. ಪಂಪನ್ನು ತೆಗೆದೇ ಹಾಕಿ, ಗಾಳಿಯ ನಳಿಕೆ ಮಾತ್ರ ಬಿಟ್ಟೆ. ಬೆಳಕಿಗೆ ತೆಳು ಬಟ್ಟೆ ಕಟ್ಟಿದೆ, ಇರುವ ಚೂರುಪಾರು ಪಾಚಿಗೆ ಬೆಳಕು ಬೇಕು, ಆದರೆ ಸೊರಗಿದ ಮೈಗೆ ಹೆಚ್ಚಾಗಬಾರದು. ಅದು ಪಾದ ಊರಲು ಒರಟಾದದ್ದು ಏನಾದರೂ ಬೇಕಾಗಿತ್ತು. ಅಕ್ಕ ಮೊಸರು ಹೆಪ್ಪು ಹಾಕುತ್ತಿದ್ದ ಹಳೆಯ ಮಣ್ಣಿನ ಕುಡಿಕೆಯನ್ನು ತಂದು ಕೊಟ್ಟರು. ಅದನ್ನು ಚೆನ್ನಾಗಿ ತೊಳೆದು, ನೆನೆಸಿ, ಟಬ್ಬಿನಲ್ಲಿ ಬೋರಲು ಹಾಕಿದೆ.

ಮುಂದಿನ ದಿನಗಳು ನನ್ನನ್ನು ಪೂರ್ತಿ ಗೊಂದಲಕ್ಕೆ ಹಾಕಿದವು. ಬೆಳಿಗ್ಗೆ ನೋಡಿದರೆ ತಾವರೆ ಉಬ್ಬಿಕೊಂಡು ಎಳೆಗಳೆಲ್ಲ ಹರಡಿರುತ್ತಿದ್ದವು. ಖುಷಿಯಲ್ಲಿ ವೇಲಚೇರಿಯಲ್ಲಿದ್ದ ಇನ್ನೊಂದು ಕೆಲಸಕ್ಕೆ ಹೋಗಿ ಮಧ್ಯಾಹ್ನ ಬಂದರೆ ಮತ್ತೆ ನಿಂಬೆಹಣ್ಣು. ಅದು ಹಳೆಯ ನೀರನ್ನು ಹೊರಗೆ ಹಾಕಿ ಹೊಸ ನೀರು ತುಂಬಿಕೊಳ್ಳುವಾಗಲೂ ಹಾಗೇ ಸೊರಗುತ್ತದೆ, ಸಾಯುವಾಗಲೂ ಹಾಗೇ ಸೊರಗುತ್ತದೆ. ನೀರು ಬದಲಿಸಿದ ಮೇಲೆ ಸೊರಗಿದರೆ, ಬದಲಿಸಬಾರದಿತ್ತೋ ಅನಿಸುತ್ತಿತ್ತು. ಬದಲಿಸದ ದಿನ ಸೊರಗಿದರೆ, ಬದಲಿಸಬೇಕಿತ್ತೋ ಎಂದು. ಯಜಮಾನರು ಈಗ ಕಿಟಕಿ ಬಿಟ್ಟು ಈ ಕೋಣೆಯಲ್ಲೇ ಒಂದು ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಬಂದ ಕೂಡಲೇ ಅಂದಿನ ವರದಿ ಒಪ್ಪಿಸುತ್ತಿದ್ದರು. ಒಂದು ದಿನ "ಮೆಟ್ಟಿಲು, ಮೆಟ್ಟಿಲು" ಎಂದರು. ಇನ್ನೊಂದು ದಿನ "ಮದುವೆ." ಮದುವೆ ಎಂದ ದಿನ ತಾವರೆ ಚೆನ್ನಾಗಿಯೇ ಇತ್ತು. ಹಾಗಾಗಿ ಅದು ಒಳ್ಳೆಯ ಸುದ್ದಿ ಎಂದಿಟ್ಟುಕೊಂಡೆ. ಮರುದಿನವೂ ಮದುವೆ ಎಂದರು, ತಾವರೆ ಅಡ್ಡ ಬಿದ್ದಿತ್ತು.

ಆದರೆ ಒಂದು ಬೆಳಿಗ್ಗೆ ಅದು ಮಣ್ಣಿನ ಕುಡಿಕೆಯ ನೆತ್ತಿಗೆ ಪಾದ ಊರಿ ನಿಂತಿತ್ತು. ನಾನು ಮೆಲ್ಲಗೆ ನೀರು ಅಲ್ಲಾಡಿಸಿದೆ. ಬಿಡಲಿಲ್ಲ. ಇದರಲ್ಲಿ ಎರಡು ಅರ್ಥವಿರಲಿಲ್ಲ.

ಅಂಟಿಕೊಂಡದ್ದು ಸರಿ, ಹೊಟ್ಟೆಗೆ ಏನು? ಮೈಯೊಳಗಿನ ಪಾಚಿ ಮತ್ತೆ ಬೆಳೆಯುವವರೆಗೂ ಹೊರಗಿನಿಂದಲೇ ಉಣಿಸಬೇಕು. ಮೀನಿಗೆ ಹಾಕುವ ಒಣ ಕಾಳನ್ನು ನೆನೆಸಿ ಬಾಯಿಯ ಹತ್ತಿರ ಇಟ್ಟೆ. ಸ್ವಲ್ಪ ಹೊತ್ತು ಹಿಡಿದುಕೊಂಡು ಉಗಿಯಿತು. ಮತ್ತೆ ಇಟ್ಟೆ, ಮತ್ತೆ ಉಗಿಯಿತು. ಅದಕ್ಕೆ ಬೇಕಾದದ್ದು ಹಸಿ ಸಿಗಡಿಯ ತುಣುಕು. ಇದನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ಒಂದು ದಿನ ಪೂರ್ತಿ ಯೋಚಿಸಿದೆ. ಆ ಹೋಟೆಲಿನ ಅಡುಗೆಮನೆಗೆ ಈರುಳ್ಳಿಯೇ ಬಂದದ್ದು ಬಹಳ ಚರ್ಚೆಯಾದ ಮೇಲೆ.

"ಸಿಗಡಿ ಅಂದ್ರೆ ಚಟ್ಲಿಯಾ?" ಅಕ್ಕನ ದನಿ ಏರಿತು. "ನನ್ನ ಹೋಟ್ಲಂಗಾ? ಗಿರಾಕಿಗಳ್ ಕೇಂಡ್ರೆ ಎಂತ ಹೇಳೂದ್?"

"ಮನೇಲೇ ಚೂರು ಮಾಡಿ ಡಬ್ಬೀಲಿ ತರ್ತೀನಿ ಅಕ್ಕಾ. ಕೆಳಗೆ ಇಳಿಸೋದೇ ಇಲ್ಲ. ಬೇಡ ಅಂದ್ರೆ ಇದನ್ನ ನನ್ನ ಮನೆಗೆ ತಗೊಂಡು ಹೋಗ್ತೀನಿ."

ಅಕ್ಕ ಟಬ್ಬಿನ ಪಕ್ಕದ ಕುರ್ಚಿಯತ್ತ ನೋಡಿದರು. ಯಜಮಾನರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು, ತಮಗೂ ಈ ಮಾತಿಗೂ ಸಂಬಂಧವಿಲ್ಲವೆನ್ನುವ ಹಾಗೆ. ಅಕ್ಕನಿಗೆ ನಗು ಬಂತು, ತಡೆದುಕೊಂಡರು.

"ಮೇಲಿನ ಕೋಣೆ ಹೋಟ್ಲ್ ಅಲ್ಲ, ಆಸ್ಪತ್ರೆ ಅಂತ್ ತಿಳ್ಕಂಬ. ಆಸ್ಪತ್ರೆಯಂಗೆ ಕೊಡೂದ್ ಔಷ್ದಿ. ಆದ್ರೆ ಆ ಚಿಮಟ, ಡಬ್ಬಿ ಎಂತದೂ ಇಲ್ಲಿ ಇಡೂಕಿಲ್ಲೆ."

ಹೀಗೆ ಮೆಣಸಿನಕಾಳಿನಷ್ಟು ಸಿಗಡಿ ಚೂರುಗಳನ್ನು ಡಬ್ಬಿಯಲ್ಲಿಟ್ಟುಕೊಂಡು, ಸಾಂಬಾರಿನ ಘಮದ ನಡುವೆ ಕಳ್ಳಿಯ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ. ಮೊದಲ ಚೂರನ್ನು ಎಳೆಗಳು ಮುಟ್ಟಿದವು, ಮಡಚಿದವು, ನಡುವಿನ ಬಾಯಿ ನಿಧಾನವಾಗಿ ತೆರೆದು ಅದನ್ನು ಒಳಗೆ ತೆಗೆದುಕೊಂಡಿತು. ಉಗಿಯುತ್ತದೆಂದು ಕಾದೆ. ಉಗಿಯಲಿಲ್ಲ. ವಾರಗಳು ಕಳೆದಂತೆ ಬಿಳಿ ಮೈಯಲ್ಲಿ ಕಂದು ಛಾಯೆ ಬಂದಂತಾಯಿತು. ನಾನು ಬೆಳಕಿನ ದೋಷ ಎಂದುಕೊಂಡೆ. ಅಕ್ಕ ಬಂದು ನೋಡಿ, "ಇದ್ ಕಾಫಿ ಬಣ್ಣ ಆಯ್ತಲೆ?" ಎಂದ ಮೇಲೆ ನಂಬಿದೆ.

ಅಗ್ನಿ ನಕ್ಷತ್ರ ಕಳೆದು ಎಷ್ಟೋ ದಿನವಾದ ಮೇಲೆ, ಕುಡಿಕೆಯ ಸಮೇತ ಎತ್ತಿ ಅದನ್ನು ಏಸಿ ಹಾಲಿನ ತೊಟ್ಟಿಗೆ ಇಳಿಸಿದೆ. ಪಂಪಿನ ಬಾಯಿಗಳಿಗೆಲ್ಲ ಮೊದಲೇ ಸ್ಪಂಜು ಸುತ್ತಿದ್ದೆ. ಕೆಳಗೆ ಬಂದ ಮೇಲೆ ಔಷಧಿ ಇಲ್ಲ ಎಂಬುದು ಅಕ್ಕನ ಕರಾರು. ಮೈಯ ಪಾಚಿ ಚೇತರಿಸಿಕೊಂಡಿದೆ, ಇನ್ನು ಬೆಳಕಿನಲ್ಲೇ ಬದುಕಬಹುದು ಎಂದು ನಾನು ಹೇಳಿದೆ. ಹೇಳುವಾಗ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಕಿತ್ತಳೆ ಜೋಡಿ ಮೊದಲು ಅದನ್ನು ಕಂಡು ಹೆದರಿ ಪೈಪಿನ ಮೂಲೆಗೇ ಅಂಟಿಕೊಂಡವು. ಹುಟ್ಟಿದಾಗಿನಿಂದ ಅಂಥದ್ದನ್ನು ನೋಡಿದವಲ್ಲ. ತಾವರೆ ಇತ್ತ, ಅದಕ್ಕೆಂದೇ ಹುಟ್ಟಿದ ಮೀನು ಅತ್ತ. ಇಷ್ಟೆಲ್ಲ ಮಾಡಿದ್ದು ಇದಕ್ಕೇನಾ ಎಂದು ನಾನು ತಲೆ ಕೆರೆದುಕೊಂಡೆ. ಕೆಲವು ದಿನಗಳ ಮೇಲೆ ದೊಡ್ಡದು, ಹೆಣ್ಣು, ಹತ್ತಿರ ಬಂದು ಒಂದು ಎಳೆಗೆ ಬಾಲ ತಾಗಿಸಿ ಓಡಿಹೋಯಿತು. ಆಮೇಲೆ ಮತ್ತೆ ಬಂತು.

ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದು ಏಸಿ ಹಾಲು ಖಾಲಿಯಾದಾಗ, ನಾನು ಗಾಜು ಒರೆಸುತ್ತಿದ್ದೆ. ಯಜಮಾನರು ಎಡಗೈಯಲ್ಲಿ ಒಣ ಕಾಳು ಹಾಕುತ್ತಿದ್ದರು. ಅಕ್ಕ ಪಕ್ಕದ ಮೇಜಿನಲ್ಲಿ ಬಾಳೆ ಎಲೆ ಒರೆಸಿ ಜೋಡಿಸುತ್ತಿದ್ದರು. ಹೆಣ್ಣು ಮೀನು ಒಂದು ಕಾಳು ಕಚ್ಚಿತು. ನುಂಗಲಿಲ್ಲ. ಬಾಯಲ್ಲಿ ಹಿಡಿದುಕೊಂಡೇ ಕೆಳಗಿಳಿದು, ಎಳೆಗಳ ನಡುವೆ ನುಗ್ಗಿ, ಅದನ್ನು ತಾವರೆಯ ಬಾಯಿಗೆ ತುರುಕಿ ಹೊರಗೆ ಬಂತು. ಮತ್ತೆ ಮೇಲೆ ಹೋಗಿ ಇನ್ನೊಂದು ಕಾಳು ತಂದಿತು. ಎಳೆಗಳು ಮಡಚಿಕೊಂಡವು. ನಾವು ಮೂವರೂ ಗಾಜಿಗೆ ಮುಖ ಹಚ್ಚಿ ನಿಂತೆವು. ಬಹಳ ಹೊತ್ತು ನಿಂತೆವು. ಹೊರಗೆ ಏನೂ ಬರಲಿಲ್ಲ.

"ಊಟ ಆಯ್ತಾ?" ಎಂದರು ಯಜಮಾನರು.

ಎಷ್ಟು ಸಲೀಸಾಗಿ ಬಂತೆಂದರೆ, ಕಾಯಿಲೆಗೆ ಮೊದಲು ಗಲ್ಲಾದಲ್ಲಿ ಕೂತು ಕೇಳುತ್ತಿದ್ದ ಅದೇ ದನಿ. ನಾನು ತಾವರೆಯನ್ನು ತೋರಿಸಿ, "ಆಗ್ತಾ ಇದೆ, ನೋಡಿ, ಒಂದನ್ನೂ ಉಗಿದಿಲ್ಲ," ಎಂದೆ.

ಅವರು ತಲೆ ಅಲ್ಲಾಡಿಸಿದರು. "ಊಟ ಆಯ್ತಾ?" ಎಂದರು ಮತ್ತೆ, ಸ್ವಲ್ಪ ಜೋರಾಗಿ.

ಈ ಶಬ್ದದ ಹಿಂದೆ ಬೇರೆ ಯಾವ ಶಬ್ದ ಇರಬಹುದು ಎಂದು ನಾನು ಹುಡುಕತೊಡಗಿದೆ. ಮೀನಿಗೆ ಇನ್ನೂ ಕಾಳು ಹಾಕಬೇಕೆಂದೋ? ದೀಪ ಆರಿಸಬೇಕೆಂದೋ? ಸ್ವಿಚ್ಚಿನ ಹತ್ತಿರ ಹೋಗಿ ಅವರ ಮುಖ ನೋಡಿದೆ. ಕಾಳಿನ ಡಬ್ಬಿ ಎತ್ತಿ ತೋರಿಸಿದೆ. ಅವರಿಗೆ ಸಿಟ್ಟು ಬರುತ್ತಿರುವುದು ಕಾಣುತ್ತಿತ್ತು.

ಅಕ್ಕ ಬಾಳೆ ಎಲೆ ಕೆಳಗಿಟ್ಟು ನಗಲು ಶುರುಮಾಡಿದರು. "ಅಯ್ಯೋ, ಅವ್ರ್ ಕೇಂಡದ್ ನಿನ್ನತ್ರ ಮಾರಾಯ್ತಿ! ನಿಂಗ್ ಊಟ ಆಯ್ತಾ ಅಂತ್!"

ಆಗಿರಲಿಲ್ಲ. ಬೆಳಿಗ್ಗೆ ಎರಡು ಇಡ್ಲಿ ತಿಂದು ಬಂದವಳು.

"ಇಲ್ಲ," ಎಂದೆ.

ಯಜಮಾನರು ಎಡಗೈಯಿಂದ ಎದುರಿನ ಕುರ್ಚಿಯನ್ನು ಹಿಂದಕ್ಕೆಳೆದು ಕೂರಲು ಸನ್ನೆ ಮಾಡಿದರು. ಒಳಗಿನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಉಪ್ಪುನೀರಿನ ಕೈಯನ್ನು ತೊಳೆದುಕೊಂಡು ಬರುವಷ್ಟರಲ್ಲಿ ಅಕ್ಕ ಎಲೆ ಹಾಕಿ, ನೀರು ಚಿಮುಕಿಸಿ, ತುದಿಗೆ ಉಪ್ಪು ಬಡಿಸಿದ್ದರು.